ಆರು ಬಣ್ಣದ ದಡಿಗೆ ಹೆಸರಿಟ್ಟ ಕಥೆ

ಇಳಕಲ್ಲ ಸೀರೆಯ ದಡಿಗಳಿಗೆ, ಅಂದರೆ ಅಂಚುಗಳಿಗೆ, ಒಂದೊಂದಕ್ಕೂ ಹೆಸರಿದೆ. ಗೋಮಿ ದಡಿ, ಗಾಡಿ ದಡಿ, ಪರಾಸಪೇಟ ದಡಿ. ಇವನ್ನೆಲ್ಲ ಮೊದಲು ನೇಯ್ದವರು ಯಾರೆಂದು ಕೇಳಿದರೆ ಊರಿನ ಹಿರಿಯರು ಆಕಾಶ ನೋಡುತ್ತಾರೆ. ಆದರೆ ಎರಡು ಸಾವಿರದ ಒಂಬತ್ತನೆಯ ಇಸವಿಯಲ್ಲಿ ಹುಟ್ಟಿದ ಆರು ಬಣ್ಣದ ದಡಿಯ ಬಗ್ಗೆ ಕೇಳಿದರೆ ಅಷ್ಟು ದೂರ ನೋಡಬೇಕಾಗಿಲ್ಲ. ನನ್ನನ್ನು ನೋಡಿದರೆ ಸಾಕು. ನಾನು ಬಾಬಣ್ಣ, ಇಲ್ಲಿನ ಕಾಲೇಜಿನ ಗ್ರಂಥಾಲಯದ ಅಟೆಂಡರ್. ನನ್ನ ಗ್ರಂಥಾಲಯದಲ್ಲಿ ಒಂದು ಲಕ್ಷ ಪುಸ್ತಕಗಳಿವೆ. ರಿಜಿಸ್ಟರಿನಲ್ಲಿ ಒಂಬತ್ತು ಸಾವಿರ ಎಂದು ಬರೆದಿದೆ. ಅದು ಬರೆದವರ ಸಣ್ಣ ಮನಸ್ಸು.

ಆ ವರ್ಷ ಜುಲೈ ತಿಂಗಳಲ್ಲಿ ದಿಲ್ಲಿಯ ಹೈಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಗಂಡು ಗಂಡನ್ನು ಮೆಚ್ಚಿದರೆ, ಹೆಣ್ಣು ಹೆಣ್ಣನ್ನು ಮೆಚ್ಚಿದರೆ ಅದು ಅಪರಾಧವಲ್ಲ ಎಂದು. ಆ ಪೇಪರನ್ನು ನಾನೇ ಮೇಜಿನ ಮೇಲೆ ಹರಡಿಟ್ಟೆ. ಎಲ್ಲರೂ ಬಿಸಿ ದೋಸೆ ಮುಟ್ಟಿದವರ ಹಾಗೆ ಆ ಪುಟವನ್ನು ಸರಕ್ಕನೆ ತಿರುವಿ ಕ್ರಿಕೆಟ್ಟಿನ ಪುಟಕ್ಕೆ ಹೋದರು. ಸಂಜೆ ಪೇಪರು ಮಡಚಿಡುವಾಗ ನೋಡುತ್ತೇನೆ, ಆ ಪುಟವೇ ಇಲ್ಲ! ನನ್ನ ಇಪ್ಪತ್ತು ವರ್ಷದ ಸೇವೆಯಲ್ಲಿ ಗ್ರಂಥಾಲಯದಿಂದ ಕಳುವಾದ ಮೊದಲ ವಸ್ತು ಅದು. ಎರಡು ಕುರ್ಚಿ ಮತ್ತು ಒಂದು ಗಡಿಯಾರ ಬಿಟ್ಟರೆ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಪ್ರಿಯದರ್ಶಿನಿ ಮೇಡಂ ಬಾಗಲಕೋಟೆಯವರು, ದಿನವೂ ಬಸ್ಸಿನಲ್ಲಿ ಬಂದು ಹೋಗುವವರು. ಅವರು ಬೆಂಗಳೂರಿಗೆ ಹೋಗಿ ಮೂರು ದಿನದ ತರಬೇತಿ ಮುಗಿಸಿ ಬಂದು ಪ್ರಿನ್ಸಿಪಾಲರ ಮುಂದೆ ನಿಂತರು. ಇಂಥ ಹುಡುಗ ಹುಡುಗಿಯರಿಗೆ ಕಾಲೇಜಿನಲ್ಲಿ ಬೆನ್ನಿಗೆ ನಿಲ್ಲುವವರು ಬೇಕು, 'ಜೊತೆಗಾರರು' ಎಂದು ಒಂದು ಬಳಗ ಮಾಡೋಣ ಎಂದರು. ನಾನು ಫೈಲು ಹಿಡಿದುಕೊಂಡು ಅಲ್ಲೇ ಇದ್ದೆ. ಅರ್ಧ ಗಂಟೆಯಿಂದ ಆ ಫೈಲನ್ನೇ ಹಿಡಿದುಕೊಂಡಿದ್ದೆ.

"ನಮ್ಮ ಕಾಲೇಜಿನ್ಯಾಗ ಅಂಥವರು ಯಾರೂ ಇಲ್ಲಲ್ರಿ ಮೇಡಂ," ಎಂದರು ಪ್ರಿನ್ಸಿಪಾಲರು.

"ಇಲ್ಲ ಅಂತ ನಮಗ ಅನಸ್ತೈತ್ರಿ ಸರ್. ಹೇಳಾಕ ಅವರಿಗೆ ಒಂದು ಜಾಗಾ ಇಲ್ಲ, ಅದಕ್ಕ."

ಪ್ರಿನ್ಸಿಪಾಲರು ಮೇಲೆ ತಿರುಗುವ ಫ್ಯಾನನ್ನು ಬಹಳ ಹೊತ್ತು ನೋಡಿ, ಶನಿವಾರ ಎರಡು ತಾಸು ಅಪ್ಪಣೆ ಕೊಟ್ಟರು. ಮೈಕು ಹಚ್ಚಬಾರದು ಎಂಬ ಕರಾರಿನ ಮೇಲೆ.

ಆ ಶನಿವಾರ ಸಭಾಭವನ ತುಂಬಿ ತುಳುಕಿತು ಎಂದು ಹೇಳಬೇಕೆಂದು ನನಗೂ ಆಸೆ. ಬಂದವರು ಮೂವರು. ಭೂಗೋಳದ ಮಾಸ್ತರರು, ಲ್ಯಾಬಿನ ಅಕ್ಕಾವರು, ಗ್ರಂಥಪಾಲಕರು. ಚಹಾ ಕೊಡಲು ನಾನು. ಮೇಡಂ ಬರುವ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕರದಂಟು ತಂದಿದ್ದರು. ಒಬ್ಬರಿಗೆ ಎರಡರಂತೆ ಹಂಚಿ, ಉಳಿದ ಹದಿನಾರನ್ನು ಕಾಯುತ್ತ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಕರದಂಟಿಗಾಗಿ ಕುಳಿತವನು ಮೇಡಂ ಮಾತು ಕೇಳಿ ಅಗಿಯುವುದನ್ನೇ ಮರೆತೆ. ಹುಟ್ಟಿದ ಮೈಯೇ ತನ್ನದಲ್ಲ ಅನಿಸುವವರು, ಮನಸ್ಸು ಹೋದ ಕಡೆ ಹೋಗಬಾರದೆಂದು ಮನಸ್ಸನ್ನೇ ಕಟ್ಟಿಹಾಕಿಕೊಂಡವರು, ನಮ್ಮ ನಡುವೆಯೇ ನಗುತ್ತ ಓಡಾಡುತ್ತ ಒಳಗೆ ಒಬ್ಬಂಟಿಯಾದವರು. ಅಷ್ಟು ವರ್ಷ ಅಷ್ಟು ಮುಖಗಳಿಗೆ ಪುಸ್ತಕ ಕೊಟ್ಟಿದ್ದೇನೆ. ಒಂದು ಮುಖವನ್ನೂ ಓದಿರಲಿಲ್ಲವಲ್ಲ!

"ಹಂಗಾದ್ರ ನಾವೇನ್ ಮಾಡಬೇಕ್ರಿ ಮೇಡಂ?" ಎಂದೆ.

"ಎರಡ ಕೆಲಸ, ಬಾಬಣ್ಣ. ಅವರು ಹೇಳಿದ್ದನ್ನ ಕೇಳೋದು. ಕೇಳಿದ್ದನ್ನ ಮತ್ತೊಬ್ಬರಿಗೆ ಹೇಳದ ಇರೋದು."

ಮೂವರೂ ಒಮ್ಮೆಲೇ ತಿರುಗಿ ನನ್ನನ್ನು ನೋಡಿದರು. ಹತ್ತು ಗಂಟೆಗೆ ನನ್ನ ಕಿವಿಗೆ ಬಿದ್ದ ಸುದ್ದಿ ಹತ್ತೂವರೆಗೆ ಹುನಗುಂದದಲ್ಲಿ ಇರುತ್ತದೆ ಎಂಬ ಕೀರ್ತಿ ನನಗಿತ್ತು. ಭೂಗೋಳದ ಮಾಸ್ತರರಂತೂ ಕರದಂಟು ಗಂಟಲಿಗೆ ಸಿಕ್ಕಿ ಕೆಮ್ಮಿದರು.

ಕೊನೆಗೆ ಮೇಡಂ ಬೆಂಗಳೂರಿನಿಂದ ತಂದ ಆರು ಬಣ್ಣದ ಪಟ್ಟಿಗಳನ್ನು ಒಬ್ಬೊಬ್ಬರ ಎದೆಗೆ ಪಿನ್ನು ಮಾಡಿದರು. ಈ ಪಟ್ಟಿ ಹಚ್ಚಿಕೊಂಡವರ ಹತ್ತಿರ ಅಂಜದೆ ಬಂದು ಮಾತಾಡಬಹುದು ಎಂದು ಅದರ ಅರ್ಥ. ತಂದದ್ದು ಮೂರೇ. ಮುಗಿದೇ ಹೋದವು. ನನ್ನ ಎದೆ ಖಾಲಿ! ಎದೆಯ ಮೇಲೆ ಏನಾದರೊಂದು ಮಿಂಚಬೇಕೆಂಬುದು ನನ್ನ ಹುಟ್ಟಾ ಆಸೆ. ಎನ್‌ಸಿಸಿ ಮಾಸ್ತರರಿಗೆ ಪದಕಗಳಿವೆ, ಪ್ರಿನ್ಸಿಪಾಲರಿಗೆ ಬಂಗಾರದ ಬಣ್ಣದ ಪೆನ್ನಿದೆ, ನನಗೆ ಇದ್ದದ್ದು ಒಂದು ಗುಂಡಿ, ಅದೂ ಬೇರೆ ಬಣ್ಣದ್ದು.

"ಮುಂದಿನ ತಿಂಗಳ ಬೆಂಗಳೂರಿಂದ ತರಸ್ತೇನಿ," ಎಂದರು ಮೇಡಂ.

"ಇಳಕಲ್ಲದಾಗ ನಿಂತು ಬೆಂಗಳೂರಿಂದ ಪಟ್ಟಿ ತರಸ್ತೀರಿ? ಮಂದಿ ನಕ್ಕಾರ್ರಿ! ನಾಳಿ ಮುಂಜಾನಿ ಸಾವಿರ ಪಟ್ಟಿ ನಿಮ್ಮ ಟೇಬಲ್ ಮ್ಯಾಲ ಇರ್ತಾವ. ನನ್ನ ಹೇಂತಿ ಮಗ್ಗದ ಮ್ಯಾಲ ಕುಂತ್ರ ಗಾಳಿನೂ ಸೀರಿ ಆಗತೈತಿ."

ಗಾಳಿ ಸೀರೆಯಾಗುವುದು ಹಾಗಿರಲಿ. ಮನೆಗೆ ಹೋಗಿ ಪಟ್ಟಿ ಬೇಕೆಂದಷ್ಟೇ ಹೇಳಿದಾಗ ನನ್ನ ಹೆಂಡತಿ ತಾಯವ್ವ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವಳು ಲಾಳಿ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾಳಿ?"

"ನಾಳಿ."

"ಗೇಣು ಪಟ್ಟಿ ಸಲುವಾಗಿ ಮಗ್ಗಕ್ಕ ಹಾಸು ಏರಸಬೇಕನು? ಹಾಸು ಏರಿಸಿದ್ರ ಮೂರು ಸೀರಿ ಆಗಾಕಬೇಕು. ನೇಕಾರರ ಮನ್ಯಾಗ ಹುಟ್ಟೀರಿ, ಅಷ್ಟೂ ತಿಳಿಯಂಗಿಲ್ಲ?"

ಹಾಸು ಎಂದರೆ ಮಗ್ಗಕ್ಕೆ ಕಟ್ಟುವ ಉದ್ದದ ನೂಲು. ಎರಡು ದಿನ ವಾದ ನಡೆಯಿತು. ಮೂರನೆಯ ದಿನ ಆಕೆಯೇ ದಾರಿ ಹೇಳಿದಳು. ಆರು ಬಣ್ಣವನ್ನು ದಡಿಯಾಗಿ ಹಾಕಿ ಮೂರು ಸೀರೆ ನೇಯುವುದು. ಒಂದು ಸೀರೆಯ ದಡಿ ಕತ್ತರಿಸಿ ಪಟ್ಟಿ ಮಾಡುವುದು. ಉಳಿದ ಎರಡನ್ನು ಮಾರುವುದು. ಒಂದು ಬಿಲ್ಲೆಗಾಗಿ ಮೂರು ಸೀರೆ ನೇಯುವ ಊರು ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ನೂಲಿಗೆ ಬಣ್ಣ ಹಾಕುವ ಸುಭಾನಸಾಬರು ಆರು ಬಣ್ಣದ ಹೆಸರು ಕೇಳಿ ಗಡ್ಡ ನೀವಿಕೊಂಡರು. "ಕೆಂಪು, ಕಿತ್ತಳಿ, ಹಳದಿ, ಹಸರು, ನೀಲಿ, ನೇರಳಿ. ಒಂದರ ಬಗಲಾಗ ಒಂದು. ಇದನ್ನ ನಿನಗ ಯಾರು ಹೇಳಿದ್ರೋ ಬಾಬಣ್ಣ?"

"ಆಕಾಶ ಹೇಳ್ತರಿ ಚಾಚಾ."

"ಆಕಾಶದ ಬಣ್ಣ ಅರ್ಧ ತಾಸಿನ್ಯಾಗ ಹೋಗತಾವ. ನನ್ನವು ಹೋಗಂಗಿಲ್ಲ, ನೆನಪಿಟ್ಕೊ."

ಇಪ್ಪತ್ತು ದಿನಕ್ಕೆ ಮೂರು ಸೀರೆ ಇಳಿದವು. ದೇವರಾಣೆ, ನಾನೂ ಅಂಥದ್ದನ್ನು ನೋಡಿರಲಿಲ್ಲ. ಕಪ್ಪು ಒಡಲು, ಅಂಚಿಗೆ ಆರು ಬಣ್ಣ, ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ಎದುರು ಮನೆಯ ಎಮ್ಮೆ ಮೇವು ಬಿಟ್ಟು ನೋಡಿತು. ಒಂದು ಸೀರೆಗೆ ಕತ್ತರಿ ಹಾಕಿದಾಗ ತಾಯವ್ವ, "ಮಗ್ಗದ ಮುಂದ ಹೊಸ ಸೀರಿಗೆ ಕತ್ತರಿ! ಇನ್ನೇನ್ ನೋಡೋದೈತ್ಯೋ," ಎಂದು ಗೋಡೆಗೆ ಮುಖ ಮಾಡಿ ಕುಳಿತಳು. ದಡಿಯಿಲ್ಲದ ಆ ಸೀರೆಯನ್ನು ಗೂಟಕ್ಕೆ ತೂಗುಹಾಕಿ, ಮುಂದೆ ನಾನು ಏನು ತಪ್ಪು ಮಾಡಿದರೂ ಅದರ ಕಡೆ ಬೆರಳು ಮಾಡಿ ತೋರಿಸತೊಡಗಿದಳು.

ಪಟ್ಟಿ ಎದೆಗೇರಿತು. ನಾನು ಒಂದು ತಿಂಗಳು ಎದೆ ಉಬ್ಬಿಸಿ ಓಡಾಡಿದೆ. ಮಾತಾಡಲು ಯಾರೂ ಬರಲಿಲ್ಲ. ಒಬ್ಬ ಹುಡುಗಿ ಬಂದಳು, ಪುಸ್ತಕದ ದಂಡ ಮನ್ನಾ ಮಾಡಿರಿ ಎಂದಳು.

ಇತ್ತ ಉಳಿದ ಎರಡು ಸೀರೆ ತಾವೇ ದಾರಿ ಹುಡುಕಿಕೊಂಡವು. ತಾಯವ್ವ ಅವನ್ನು ಶಿವಪುತ್ರ ಸಾವಕಾರರ ಅಂಗಡಿಗೆ ಕೊಟ್ಟಳು. ಈ ಸಾವಕಾರರದ್ದು ಒಂದು ವಿಶೇಷ. 'ಗೊತ್ತಿಲ್ಲ' ಎಂಬ ಮಾತು ಅವರ ಬಾಯಿಂದ ಹುಟ್ಟಿದಂದಿನಿಂದ ಬಂದಿರಲಿಲ್ಲ. ಗಿರಾಕಿ ಚಂದ್ರನ ಮೇಲೆ ಯಾವ ಸೀರೆ ಉಡುತ್ತಾರೆಂದು ಕೇಳಿದರೂ, ಬಣ್ಣ ಹೇಳಿ, ಅಳತೆ ಹೇಳಿ, ಕಪಾಟಿನಿಂದ ಒಂದು ತೆಗೆದು ಬಿಚ್ಚಿ ಹಾಸುತ್ತಿದ್ದರು. ಒಂದು ಸೀರೆಯನ್ನು ಅಂಗಡಿಯ ಮುಂಬಾಗಿಲಿಗೆ ತೂಗುಹಾಕಿದರು. ಇನ್ನೊಂದನ್ನು ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಯಮನವ್ವ ಉಟ್ಟಳು. ಯಮನವ್ವ ಉಟ್ಟಳು ಎಂದರೆ ಮುಗಿಯಿತು. ಆಕೆಯ ಕೈಯಿಂದ ರೊಟ್ಟಿ ಹಾಕಿಸಿಕೊಂಡು ಉಣ್ಣದ ಪ್ರಯಾಣಿಕನಿಲ್ಲ. ತಲೆ ಎತ್ತಿದರೆ ರೊಟ್ಟಿಯ ಹಿಂದೆ ಆ ದಡಿ.

"ಅಕ್ಕಾ, ಇದು ಯಾವ ದಡಿ?"

"ಯಾವುದರೆ ಇರಲಿ. ನೀ ಪಲ್ಯಾ ಉಣ್ಣು."

ದೀಪಾವಳಿ ಬರುವುದರೊಳಗೆ ಊರಿನ ಮಗ್ಗಗಳೆಲ್ಲ ಆರು ಬಣ್ಣ ನೇಯುತ್ತಿದ್ದವು. ಸುಭಾನಸಾಬರ ಕೈ ಮೊಣಕೈವರೆಗೆ ಕಾಮನಬಿಲ್ಲಾಗಿತ್ತು. ಹುನಗುಂದದಲ್ಲಿ ಅದೇ, ಕೆರೂರ ಸಂತೆಯಲ್ಲಿ ಅದೇ, ಬನಶಂಕರಿಯ ಅಂಗಡಿ ಸಾಲಿನಲ್ಲಿ ಅದೇ. ಒಂದು ಲಕ್ಷ ಸೀರೆ ಎಂದರೆ ನೀವು ನಂಬುವುದಿಲ್ಲ, ಅದಕ್ಕೇ ತೊಂಬತ್ತು ಸಾವಿರ ಎನ್ನುತ್ತೇನೆ.

ಆಗ ಹೆಸರಿನ ಜಗಳ ಎದ್ದಿತು. ಸಾವಕಾರರು 'ಶಿವಪುತ್ರ ದಡಿ ಇಲ್ಲಿ ಸಿಗುವುದು' ಎಂದು ಬೋರ್ಡು ಬರೆಸಿದರು. ನಾನು ಚಹಾದಂಗಡಿಯಲ್ಲಿ ನಿಂತು ಅದು 'ಬಾಬಣ್ಣ ದಡಿ' ಎಂದು ಸಾರಿದೆ. ಸೀರೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ಒಬ್ಬ ಸಾಹೇಬರು ಇದರ ಮೂಲ ಕೇಳಿಕೊಂಡು ಸಾವಕಾರರ ಅಂಗಡಿಗೆ ಬಂದರು.

"ಚಾಲುಕ್ಯರ ಕಾಲದ್ದರಿ ಇದು," ಎಂದರು ಸಾವಕಾರರು ರೆಪ್ಪೆ ಬಡಿಯದೆ. "ಬಾದಾಮಿ ಗವಿಯೊಳಗ ಮ್ಯಾಲ ಚಿತ್ರ ಐತಲ್ರಿ, ಅದರಾಗ ರಾಣಿ ಉಟ್ಟಾಳ. ನಮ್ಮ ಮುತ್ತ್ಯಾ ನೋಡಿಕೊಂಡು ಬಂದು ಬರೆದಿಟ್ಟಿದ್ದ."

ಸಾಹೇಬರು ಬ್ಯಾಟರಿ ಹಿಡಿದು ಬಾದಾಮಿಗೆ ಹೋದರು. ಒಂದು ದಿನವಿಡೀ ಕತ್ತು ಎತ್ತಿ ನೋಡಿ, ಕತ್ತು ಇಳಿಯದೆ ಹಾಗೆಯೇ ವಾಪಸ್ಸು ಬಂದರು. "ಒಂದು ಮೂಲೆಯಲ್ಲಿ ಮಸುಕಾಗಿ ಕಾಣಿಸಿತು," ಎಂದು ಆಕಾಶಕ್ಕೆ ಹೇಳಿ ಬಸ್ಸು ಹತ್ತಿದರು.

ಇಲ್ಲಿಗೆ ನಗುವುದು ಮುಗಿಸಿ. ಇನ್ನು ನನ್ನ ತಪ್ಪು ಸುರುವಾಗುತ್ತದೆ.

ದೀಪಾವಳಿಯ ರಜೆ ಮುಗಿಸಿ ಪ್ರಿಯದರ್ಶಿನಿ ಮೇಡಂ ಇಳಕಲ್ಲ ಬಸ್ ಸ್ಟ್ಯಾಂಡಿನಲ್ಲಿ ಇಳಿದರಲ್ಲ, ಇಳಿದವರು ಹೆಜ್ಜೆ ಮುಂದಿಡಲಿಲ್ಲ. ಬಲಕ್ಕೆ ಆರು ಬಣ್ಣ, ಎಡಕ್ಕೆ ಆರು ಬಣ್ಣ. ಬಾಳೆಹಣ್ಣು ಮಾರುವವಳು, ಕಂಕುಳಲ್ಲಿ ಕೂಸು ಹಿಡಿದವಳು, ಕಸ ಗುಡಿಸುವವಳು. ಕಾಲೇಜಿಗೆ ಬಂದವರೇ ನೆಟ್ಟಗೆ ನನ್ನ ಬಳಿ ಬಂದರು.

"ಬಾಬಣ್ಣ, ಏನಿದು? ಇವರಿಗೆಲ್ಲ ಅರ್ಥ ಗೊತ್ತೈತೇನು?"

'ಇಲ್ಲ ಮೇಡಂ, ಮೂರು ಸೀರೆಯ ಹಾಸು ಹೀಗಾಯಿತು' ಎಂದು ಹೇಳಿದ್ದರೆ ಈ ಕಥೆಯೇ ಇಲ್ಲ. ಆದರೆ ಅವರ ಕಣ್ಣಿನಲ್ಲಿ ಬೆರಗಿತ್ತು, ಆ ಬೆರಗಿನಲ್ಲಿ ನಾನು ಆರಡಿ ಎತ್ತರ ಕಾಣಿಸುತ್ತಿದ್ದೆ.

"ಮನಿಮನಿಗೆ ಹೋಗಿ ನಾನ ತಿಳಿಸಿ ಹೇಳೀನ್ರಿ ಮೇಡಂ. ಎಲ್ಲಾರೂ ಹೂಂ ಅಂದಾರ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅದೇ ದಿನ ನೋಟೀಸ್ ಬೋರ್ಡಿನಲ್ಲಿ, ಆರು ಬಣ್ಣದ ಒಂದು ಪಟ್ಟಿಯ ಕೆಳಗೆ, ತಮ್ಮ ಗುಂಡನೆಯ ಅಕ್ಷರದಲ್ಲಿ ಬರೆದು ಹಚ್ಚಿದರು: 'ನೀವು ಒಬ್ಬರೇ ಇಲ್ಲ. ನಮ್ಮ ಊರು ನಿಮ್ಮ ಜೊತೆಗಿದೆ.'

ಮರುದಿನ ಮಧ್ಯಾಹ್ನ ಗ್ರಂಥಾಲಯ ಖಾಲಿ ಇದ್ದಾಗ ಬಿ.ಎ. ಕೊನೆಯ ವರ್ಷದ ಪ್ರಭು ಬಂದ. ಶಿವಪುತ್ರ ಸಾವಕಾರರ ಒಬ್ಬನೇ ಮಗ. ಪುಸ್ತಕದ ಹುಳ, ನಕ್ಕರೆ ಸದ್ದೇ ಬರದಂಥ ಹುಡುಗ. ಮೇಜಿನ ಮೇಲೆ ಮಡಚಿದ ಒಂದು ಕಾಗದವಿಟ್ಟ. ಬಿಚ್ಚಿದೆ. ಜುಲೈಯಲ್ಲಿ ಕಳುವಾದ ಪೇಪರಿನ ಪುಟ! ಮಡಿಕೆಗಳಲ್ಲಿ ಹರಿದು ಹೋಗುವಷ್ಟು ಸಲ ಅದನ್ನು ಓದಿದ್ದ. ಅದರ ನಡುವೆ ಆರು ಬಣ್ಣದ ಬಾವುಟ ಹಿಡಿದವರ ಚಿತ್ರವಿತ್ತು.

"ಇದು ಲೈಬ್ರರಿದರಿ. ವಾಪಸ್ ಕೊಡಾಕ ಬಂದೇನಿ. ಬಾಬಣ್ಣಾರ, ನಿಮ್ಮ ಕಡೆ ಮಾತಾಡಬಹುದಲ್ರಿ?" ಅವನ ಕಣ್ಣು ನನ್ನ ಎದೆಯ ಪಟ್ಟಿಯ ಮೇಲಿತ್ತು.

ಅವನು ಹೇಳಿದ್ದನ್ನು ಆಗ ನಾನು ಯಾರಿಗೂ ಹೇಳಲಿಲ್ಲ. ಇವತ್ತು ಬರೆಯುತ್ತಿರುವುದು ಅವನು ಬರೆಯಿರಿ ಎಂದಮೇಲೆ, ಅವನು ಎಲ್ಲಿಯವರೆಗೆ ಎಂದನೋ ಅಲ್ಲಿಯವರೆಗೆ. ಕೆರೂರಿನಲ್ಲಿ ಅವನಿಗೆ ಹೆಣ್ಣು ಗೊತ್ತು ಮಾಡಿದ್ದರು. ಸೋಮವಾರ ನಿಶ್ಚಯ. ತನ್ನ ಮನಸ್ಸು ಹುಡುಗಿಯರ ಕಡೆ ಎಂದೂ ಹೋಗಿಲ್ಲ, ಹೋಗುವುದೂ ಇಲ್ಲ ಎಂದ. "ಆ ಹುಡುಗಿ ಏನ್ ತಪ್ಪು ಮಾಡ್ಯಾಳ್ರಿ? ಆಕಿ ಜೀವನಾನೂ ಯಾಕ ಹಾಳು ಮಾಡ್ಲಿ? ಭಾನುವಾರ ಊರು ಬಿಟ್ಟು ಹೋಗಬೇಕಂತ ಚೀಲಾ ಕಟ್ಟಿಟ್ಟಿದ್ದೆ."

"ಈಗ?" ಎಂದೆ.

"ನಿನ್ನೆ ಬೋರ್ಡ್ ನೋಡಿದೆ. ಮನಿಗೆ ಹೋಗಿ ಚೀಲಾ ಬಿಚ್ಚಿದೆ. ಊರಿಗೆಲ್ಲಾ ಗೊತ್ತೈತಿ, ಎಲ್ಲಾರೂ ಉಟ್ಟಾರ. ನಮ್ಮಪ್ಪ ನೋಡ್ರಿ, ಅಂಗಡಿ ಮುಂಬಾಗಿಲಿಗೇ ತೂಗುಹಾಕ್ಯಾನ! ಮಾರಾಕ ಹಾಕ್ಯಾನ ಅಂತ ತಿಳಿದಿದ್ದೆ. ನನಗ ತಿಳೀಲಿ ಅಂತ ಹಾಕ್ಯಾನ್ರಿ. ಬಾಯಿ ಬಿಟ್ಟು ಹೇಳಾಕ ಬರಂಗಿಲ್ಲ ಅವಗ. ಇವತ್ತ ಐದಕ್ಕ ಅಂಗಡಿಗೆ ಹೋಗಿ ನಾನ ಮಾತಾಡ್ತೇನಿ."

ಹೀಗೆ ಹೇಳುವಾಗ ಅವನ ಮುಖ! ಹತ್ತು ವರ್ಷ ಮುಚ್ಚಿದ್ದ ಕಿಟಕಿ ತೆರೆದ ಹಾಗಿತ್ತು. ನಾನು ಬಾಯಿ ತೆರೆದೆ. ಊರು ಹಾಗಿಲ್ಲಪ್ಪ, ನಾನು ಸುಳ್ಳು ಹೇಳಿದ್ದೇನೆ ಎಂದು ಹೇಳಬೇಕಿತ್ತು. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಗಂಟೆ ಹೊಡೆಯಿತು. ಅವನು ಹೋಗಿಬಿಟ್ಟ.

ಐದಕ್ಕೆ ಹತ್ತು ನಿಮಿಷವಿರುವಾಗ ಸೈಕಲ್ ಏರಿ ಅಂಗಡಿ ಕಡೆ ತುಳಿದೆ, ಅವನನ್ನು ದಾರಿಯಲ್ಲೇ ತಡೆಯಬೇಕೆಂದು. ಕುರಿ ಹಿಂಡು ಅಡ್ಡ ಬಂತು. ಒಂದು ಸಾವಿರ ಕುರಿ. ಅವಸರದವನ ಲೆಕ್ಕ, ಹೆಚ್ಚೂಕಮ್ಮಿ ಇದ್ದೀತು. ನಾನು ಅಂಗಡಿ ಮುಟ್ಟುವಾಗ ಪ್ರಭು ಮೆಟ್ಟಿಲು ಹತ್ತಿಯಾಗಿತ್ತು.

ಒಳಗೆ ಆರೇಳು ಹೆಂಗಸರು. ಸಾವಕಾರರು ಗಾದಿಯ ಮೇಲೆ ಕುಳಿತು ಆರು ಬಣ್ಣದ ಸೀರೆ ಹಾಸಿ, "ಇದರ ಒಂದೊಂದು ಬಣ್ಣದ ಅರ್ಥಾನೂ ನನಗ ಗೊತ್ತೈತ್ರಿ," ಎಂದು ಸಾರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿ ಬೀಸಿದೆ. ಒಬ್ಬಾಕೆ ಸೊಳ್ಳೆ ಹೊಡೆಯುತ್ತಿದ್ದೇನೆಂದು ತಿಳಿದು ಸರಿದು ನಿಂತಳು.

ಪ್ರಭು ಅಪ್ಪನ ಪಕ್ಕ ಮೊಣಕಾಲೂರಿ ಕುಳಿತ. ಬಹಳ ಮೆಲ್ಲಗೆ ಹೇಳಿದ. "ಅಪ್ಪಾ, ನೀ ಈ ದಡಿ ಬಾಗಲಿಗೆ ಯಾಕ ಹಾಕೀಯಂತ ನನಗ ತಿಳಿದೈತಿ. ನನ್ನ ಸಲುವಾಗಿ ಹಾಕೀದಿ. ಇದರ ಅರ್ಥ ನಿನಗ ಗೊತ್ತೈತಲ್ಲ?"

ಸಾವಕಾರರು ಹೆಂಗಸರ ಕಡೆ ನೋಡಿದರು. ಈಗಷ್ಟೇ ಒಂದೊಂದು ಬಣ್ಣದ ಅರ್ಥ ಗೊತ್ತೆಂದು ಸಾರಿದ ಬಾಯಿ.

"ಗೊತ್ತಿಲ್ಲದ ಏನು! ನನಗ ಗೊತ್ತಿಲ್ಲದ್ದು ಈ ಊರಾಗ ಏನೈತಿ?"

"ನಾ ಅಂಥಾಂವ ಅಂತ ಗೊತ್ತಿದ್ದೂ ನಿನಗ ಸಿಟ್ಟಿಲ್ಲ?"

"ಏನ್ ಸಿಟ್ಟು? ಹುಚ್ಚ!"

"ಕೆರೂರಿಗೆ ಬ್ಯಾಡ ಅಂತ ಹೇಳಿ ಕಳಸ್ತಿ?"

ಸಾವಕಾರರ ಹುಬ್ಬು ಅರ್ಧಕ್ಕೆ ಏರಿ ಅಲ್ಲೇ ನಿಂತಿತು. ಹೆಂಗಸರು ಕಾಯುತ್ತಿದ್ದರು. "ಹೂಂ," ಎಂದರು.

ಪ್ರಭು ಅಪ್ಪನ ಎರಡೂ ಪಾದ ಹಿಡಿದುಕೊಂಡ. ಎದ್ದು ಹೋಗುವಾಗ ಅವನ ಹೆಜ್ಜೆ ನೆಲ ಮುಟ್ಟುತ್ತಿರಲಿಲ್ಲ. ಇದು ನನ್ನ ಉತ್ಪ್ರೇಕ್ಷೆಯಲ್ಲ, ನಾನು ಕಣ್ಣಾರೆ ನೋಡಿದೆ.

ಸಾವಕಾರರು ಗಿರಾಕಿಗಳನ್ನು ಸಾಗಹಾಕಿ, ಅರ್ಧ ಬಾಗಿಲು ಎಳೆದು, ನನ್ನ ಅಂಗಿಯ ಕಾಲರು ಹಿಡಿದರು.

"ಲೇ ಬಾಬ್ಯಾ! ಈ ದಡಿ ತಂದಾಂವ ನೀ. ಏನಂದ ನನ್ನ ಮಗ? ನಾ ಯಾತಕ್ಕ ಹೂಂ ಅಂದೆ?"

ಊರಿನ ಅತಿ ದೊಡ್ಡ ಬಾಯಿಗೆ, ಅಂದರೆ ನನ್ನ ಬಾಯಿಗೆ, ಊರಿನ ಅತಿ ದೊಡ್ಡ ಸುದ್ದಿ ಸಿಕ್ಕಿತ್ತು. ನಾಲಿಗೆಯ ತುದಿಯಲ್ಲಿ ಕುಣಿಯಿತು. ನಾನು ಎದೆಯ ಪಟ್ಟಿ ಮುಟ್ಟಿಕೊಂಡೆ.

"ಅಂವ ಏನಂದ ಅಂತ ನಾ ಹೇಳಂಗಿಲ್ರಿ ಸಾವಕಾರ. ಅದು ಅವನ ಮಾತು, ಅವನ್ನ ಕೇಳ್ರಿ. ದಡಿ ಅರ್ಥ ಬೇಕಂದ್ರ ಹೇಳ್ತೇನಿ. ಅದು ಎಲ್ಲಾರಿಗೂ ಹೇಳೋ ಮಾತು."

"ಹೇಳು."

ಹೇಳಿದೆ. ಮೇಡಂ ಹೇಳಿದಷ್ಟೇ ಹೇಳಿದೆ. ಒಂದು ಕೂಡಿಸಲಿಲ್ಲ, ಒಂದು ಗುಣಿಸಲಿಲ್ಲ. ಸಾವಕಾರರ ಕೈ ನನ್ನ ಕಾಲರಿನಿಂದ ತಾನಾಗಿ ಜಾರಿತು. ಮುಂದಿದ್ದ ಸೀರೆಯನ್ನು ಮಡಚತೊಡಗಿದರು. ನಲವತ್ತು ವರ್ಷ ಸೀರೆ ಮಡಚಿದ ಕೈ, ಮಡಿಕೆ ಕೂಡಲಿಲ್ಲ. ಬಿಚ್ಚಿದರು, ಮತ್ತೆ ಮಡಚಿದರು. ಮತ್ತೆ ಕೂಡಲಿಲ್ಲ.

"ಊರಾಗ ಎಷ್ಟು ಮಂದಿಗೆ ಗೊತ್ತೈತಿ ಈ ಅರ್ಥ?"

"ನಮ್ಮ ಬಳಗದ ಐದು ಮಂದಿಗೆ. ನಿಮ್ಮನ್ನೂ ಹಿಡದು ಆರು."

"ಮತ್ತ ಅಂವ ಊರ ತನ್ನ ಹಿಂದ ಐತಿ ಅಂತ ತಿಳಿದು ಬಂದನಲ್ಲೋ."

"ನನ್ನ ಸುಳ್ಳಿನಿಂದರಿ. ಮನಿಮನಿಗೆ ಹೇಳೀನಿ ಅಂದಿದ್ದೆ."

ಹೊರಗೆ ಬಾಗಿಲಲ್ಲಿ ಆ ಸೀರೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಸಾವಕಾರರು ಎದ್ದು ಅದರ ಹತ್ತಿರ ಹೋದರು. ಕಿತ್ತು ಎಸೆಯುತ್ತಾರೆ ಎಂದುಕೊಂಡೆ. ಅಂಚನ್ನು ಬೆರಳಿನಲ್ಲಿ ಹಿಡಿದು, ಹೊಸದಾಗಿ ಕಂಡವರ ಹಾಗೆ ಒಂದೊಂದೇ ಬಣ್ಣ ನೋಡಿದರು.

"ನನಗ ಗೊತ್ತಿರಲಿಲ್ಲ," ಎಂದರು. ಆ ಮಾತು ಆ ಬಾಯಿಂದ! "ನನ್ನ ಮನ್ಯಾಗಿನ ಹುಡುಗ. ನನಗ ಗೊತ್ತಿರಲಿಲ್ಲ." ಆಮೇಲೆ ತಿರುಗಿದರು. "ಮೂರು ದಿನ ಅಂಗಡಿ ಮುಚ್ಚತೇನಿ. ನಾ ಮನ್ಯಾಗ ಮಾತಾಡೋದೈತಿ, ಕೆರೂರಿಗೆ ಹೋಗಿ ಕೈ ಮುಗಿಯೋದೈತಿ. ನೀ ಹೇಳಿದ ಸುಳ್ಳನ್ನ ನೀನ ಖರೆ ಮಾಡು. ನಡಿ!"

ಮೂರು ದಿನ ನಾನು ರಜೆ ಹಾಕಿ ಮನೆಮನೆ ಸುತ್ತಿದೆ. ಮೇಡಂಗೆ ಮೊದಲು ತಪ್ಪೊಪ್ಪಿಕೊಂಡೆ. ಅವರು ಬೈದ ಇಂಗ್ಲಿಷ್ ನನಗೆ ತಿಳಿಯಲಿಲ್ಲ, ಆದರೆ ಬೈದು ಮುಗಿಸಿ ತಾವೂ ನನ್ನ ಜೊತೆ ಹೊರಟರು. ಯಾವ ಹುಡುಗನ ಹೆಸರನ್ನೂ ಎತ್ತಲಿಲ್ಲ. ದಡಿಯ ಅರ್ಥ, ಅಷ್ಟೇ. ಅಂಗಡಿ ಮುಚ್ಚಿದ್ದಕ್ಕೆ ಊರು ಆಗಲೇ ನೂರು ಕಾರಣ ಕಂಡುಹಿಡಿದಿತ್ತು: ಬಣ್ಣ ಬಿಡುತ್ತದಂತೆ, ಬಾದಾಮಿ ರಾಣಿ ಕನಸಿನಲ್ಲಿ ಬಂದು ಸೀರೆ ವಾಪಸ್ಸು ಕೇಳಿದಳಂತೆ. ಬಣ್ಣ ಬಿಡುತ್ತದೆ ಎಂಬ ಮಾತಿಗೆ ಸುಭಾನಸಾಬರು ಓಣಿಯ ನಡುವೆ ಬಕೆಟ್ ನೀರಿಟ್ಟು ಸೀರೆ ಅದ್ದಿ ತೋರಿಸಿದರು. ಅರ್ಥ ಕೇಳಿಸಿಕೊಂಡಾಗ ಮಾತ್ರ ನೀರಿನಲ್ಲಿ ಅವರ ಕೈ ನಿಂತಿತು. "ಯಾ ಅಲ್ಲಾ," ಎಂದರು. "ಇಷ್ಟು ದಿನ ಯಾತಕ್ಕ ಬಣ್ಣ ಹಾಕಾಕತ್ತೀನಿ ಅಂತ ನನಗ ತಿಳಿದಿದ್ದಿಲ್ಲ."

ಕೆಲವರು ಬಾಗಿಲು ಮುಚ್ಚಿದರು. ಒಬ್ಬಾಕೆ ಉಟ್ಟ ಸೀರೆಯ ಮೇಲೆಯೇ ಇನ್ನೊಂದು ಸುತ್ತಿಕೊಂಡು ಬಂದು ಬೈದಳು. ನನ್ನ ಸ್ವಂತ ಹೆಂಡತಿ ಗೂಟದ ಸೀರೆ ತೋರಿಸಿ, "ಇದನ್ನ ಅವತ್ತ ಹೇಳಿದ್ರ ನಾ ಕತ್ತರಿ ನೋಡಿ ಅಳತಿದ್ದಿಲ್ಲ," ಎಂದಳು. ಎಂಬತ್ತು ದಾಟಿದ ಪದ್ಮವ್ವ ಮಾತ್ರ ಮೇಡಂ ಹೇಳಿದ್ದನ್ನು ಪೂರ್ತಿ ಕೇಳಿ, ನೂಲಿನ ರಾಟೆ ನಿಲ್ಲಿಸಿದಳು.

"ನಮ್ಮಣ್ಣ ಹಿಂಗ ಇದ್ದ," ಎಂದಳು. "ಮದುವಿ ಹಿಂದಿನ ದಿನ ಊರು ಬಿಟ್ಟು ಹೋದ. ನಾ ಸಣ್ಣಾಕಿ. ಎಲ್ಲಿಗೆ ಹೋದ ಅಂತ ಇವತ್ತಿಗ್ಯೂ ಗೊತ್ತಿಲ್ಲ. ಅವಾಗ ಓಣ್ಯಾಗ ಒಬ್ಬಾಕಿ ಈ ಸೀರಿ ಉಟ್ಟು ನಿಂತಿದ್ರ ನಿಲ್ಲತಿದ್ದನೇನೋ." ಆಮೇಲೆ ನನ್ನನ್ನು ಗದರಿದಳು. "ಏನ್ ನೋಡ್ತಿ ಬಾಯಿ ತಕ್ಕೊಂಡು? ಮುಂದಿನ ಮನಿಗೆ ನಡಿ. ಹೊತ್ತು ಹೋಗತೈತಿ."

ನಾಲ್ಕನೆಯ ದಿನ ಅಂಗಡಿ ತೆರೆಯಿತು. 'ಶಿವಪುತ್ರ ದಡಿ' ಎಂಬ ಬೋರ್ಡು ಇರಲಿಲ್ಲ. ಗಾದಿಯ ಮೇಲೆ ಸಾವಕಾರರು, ಪಕ್ಕದಲ್ಲಿ ಪ್ರಭು. ಅಪ್ಪ ಮಗ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಇಬ್ಬರ ಕಣ್ಣೂ ಊದಿದ್ದವು, ಇಬ್ಬರೂ ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡು ಕುಡಿದರು. ಬೆಳಗಿನಿಂದ ಸೀರೆ ವಾಪಸ್ಸು ಕೊಡುವವರು ಬಂದರು. ಹೊಸ್ತಿಲ ಹತ್ತಿರ ಹನ್ನೊಂದು ಸೀರೆ ಬಿದ್ದವು. ಕೊಳ್ಳುವವರು ಒಬ್ಬರೂ ಇಲ್ಲ. ಪ್ರತಿ ಸೀರೆ ಬಿದ್ದಾಗಲೂ ಹುಡುಗನ ತಲೆ ಒಂದು ಬೆರಳು ಕೆಳಗಿಳಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದೆ, ಭೂಮಿ ಬಾಯಿ ಬಿಟ್ಟರೆ ಮೊದಲು ನಾನೇ ಇಳಿಯೋಣವೆಂದು.

ಹನ್ನೆರಡಕ್ಕೆ ಯಮನವ್ವ ಬಂದಳು. ಅದೇ ಸೀರೆ ಉಟ್ಟಿದ್ದಳು. ಹಿಂದೆ ಹದಿನೈದಿಪ್ಪತ್ತು ಹೆಂಗಸರು, ಆಕೆ ಏನು ಮಾಡುತ್ತಾಳೆಂದು ನೋಡಲು. ಬಿದ್ದ ಸೀರೆಗಳನ್ನು ಕಾಲಿನಿಂದಲ್ಲ, ಬಗ್ಗಿ ಕೈಯಿಂದ ಸರಿಸಿ ಒಳಗೆ ಬಂದು ಗಾದಿಯ ಮುಂದೆ ಚಕ್ಕಳಮಕ್ಕಳ ಕುಳಿತಳು.

"ಸಾವಕಾರ, ಮೂರು ತಿಂಗಳಾತು ಈ ಸೀರಿ ಉಡಾಕತ್ತು. ಉಣ್ಣಾಕ ಬಂದಾವರೆಲ್ಲ ಹೆಸರು ಕೇಳ್ತಾರ. ನೀ ನಿನ್ನ ಹೆಸರು ಹೇಳ್ತಿ, ಈ ಬಾಬ್ಯಾ ತನ್ನ ಹೆಸರು ಹೇಳ್ತಾನ. ಅರ್ಥ ಈಗ ಗೊತ್ತಾತು. ಖರೆ ಹೆಸರು ಏನು ಹೇಳು, ನಾ ಹೋಗಿ ರೊಟ್ಟಿ ಬಡಿಬೇಕು."

ಸಾವಕಾರರು ಮಗನ ಕಡೆ ತಿರುಗಿದರು. ಕೇಳುವ ಹಾಗೆ ನೋಡಿದರು. ಹುಡುಗ ತಲೆಯೆತ್ತಿದ. ಹೂಂ ಎಂಬಂತೆ ತಲೆ ಆಡಿಸಿದ.

"ಪ್ರಭು ದಡಿ," ಎಂದರು ಸಾವಕಾರರು. ಗಿರಾಕಿಗೆ ಹೇಳುವ ದನಿಯಲ್ಲೇ, ಇಡೀ ಬೀದಿಗೆ ಕೇಳುವಂತೆ. "ನನ್ನ ಮಗನ ಹೆಸರು. ಇದಕ್ಕ ಈ ಹೆಸರ ಕೂಡ್ತೈತಿ."

ಯಮನವ್ವ ತನ್ನ ಸೆರಗಿನ ದಡಿ ನೋಡಿದಳು. ಹುಡುಗನನ್ನು ನೋಡಿದಳು. ಮತ್ತೆ ದಡಿ ನೋಡಿದಳು.

"ಹೆಸರು ಛಲೋ ಐತಿ," ಎಂದಳು. "ಆದ್ರ ಹುಡುಗ ಸೊರಗಿ ಕಡ್ಡಿ ಆಗ್ಯಾನಲ್ಲೋ. ಏ ಪ್ರಭು, ಅಪ್ಪನ ಮಾತು ಕೇಳಕೋತ ಕುಂತ್ರ ಹೊಟ್ಟಿ ತುಂಬಂಗಿಲ್ಲ. ಏಳು, ಖಾನಾವಳಿಗೆ ನಡಿ. ಬಿಸಿ ರೊಟ್ಟಿ ಹಾಕ್ತೇನಿ."

ಎದ್ದು, ಅವನ ರಟ್ಟೆ ಹಿಡಿದು, ಬೀದಿಗುಂಟ ಕರೆದುಕೊಂಡು ಹೊರಟೇಬಿಟ್ಟಳು. ಹೆಂಗಸರ ಗುಂಪು ಎರಡಾಗಿ ಸೀಳಿ ದಾರಿ ಬಿಟ್ಟಿತು. ಆ ಗುಂಪಿನಲ್ಲಿ ಆರು ಬಣ್ಣ ಉಟ್ಟವರು ಎಷ್ಟೋ ಮಂದಿ. ಅರ್ಥ ತಿಳಿದ ಮೇಲೂ ಉಟ್ಟು ಬಂದವರು. ಮೊದಲು ಒಬ್ಬಾಕೆ, ಆಮೇಲೆ ಇನ್ನೊಬ್ಬಾಕೆ, ಅವರ ಹಿಂದೆ ನಡೆದರು. ಸಾವಕಾರರು ಗಾದಿ ಬಿಟ್ಟು ಹೊರಗೆ ಓಡಿ ಬಂದು ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತರು. ಬಿಸಿಲಿನಲ್ಲಿ ಬೀದಿಯುದ್ದಕ್ಕೂ ದಡಿಗಳು ಸರಿದು ಹೋಗುತ್ತಿದ್ದವು.

ಆ ದಡಿಯನ್ನು ಹುಟ್ಟಿಸಿದವನು ನಾನು ಎಂದು ಇಂದಿಗೂ ಹೇಳುತ್ತೇನೆ, ಸಾಯುವವರೆಗೂ ಹೇಳುತ್ತೇನೆ. ಹೆಸರು ಕೇಳಿದರೆ ಮಾತ್ರ ಪ್ರಭು ದಡಿ ಎನ್ನುತ್ತೇನೆ. ಆ ಹಳೆಯ ಪಟ್ಟಿ ಈಗಲೂ ನನ್ನ ಎದೆಯ ಮೇಲಿದೆ; ಸುಭಾನಸಾಬರ ಬಣ್ಣ, ಹೋಗಿಲ್ಲ. ಅದಾದ ಮೇಲೆ ಗ್ರಂಥಾಲಯದ ಮೇಜಿನ ಮುಂದೆ ಬಂದು ಕುಳಿತು 'ಬಾಬಣ್ಣಾರ, ಮಾತಾಡಬಹುದೇನ್ರಿ' ಎಂದು ಕೇಳಿದ ಹುಡುಗ ಹುಡುಗಿಯರು ಎಷ್ಟು ಮಂದಿ ಎಂದು ಭೂಗೋಳದ ಮಾಸ್ತರರು ಕೇಳಿದರು. ಪ್ರಿನ್ಸಿಪಾಲರು ಕೇಳಿದರು. ತಾಯವ್ವ ಗೂಟದ ಸೀರೆ ತೋರಿಸಿ ಕೇಳಿದಳು.

ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.